ನನ್ನ ಹೆಸರಿನ ಟಗರು

ಹೋದ ವಾರ ಕುಂಭಾರಿಯಿಂದ ಒಬ್ಬ ಗೃಹಸ್ಥರು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಅವರ ತಮ್ಮನಿಗೆ ಎದೆಯಲ್ಲಿ ನೀರು ತುಂಬಿದೆಯಂತೆ. ಹಿಂದೆ ನಿಂಗಪ್ಪನಿಗೂ ಅದೇ ಆಗಿತ್ತು, ಆದರೂ ಬದುಕಿ ಓಡಾಡಿಕೊಂಡಿದ್ದಾನೆ ಎಂದು ನನ್ನ ವಿಚಾರ ಯಾರೋ ಅವರಿಗೆ ಹೇಳಿದ್ದರು. ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಮುಟ್ಟದೆ, ಅವರು ಕೇಳಿದ್ದು ಎರಡೇ ಮಾತು.

"ಯಾವ ಡಾಕ್ಟರಗ ತೋರಿಸಿದ್ರಿ? ಯಾವ ದೇವರಿಗಿ ನಡಕೊಂಡ್ರಿ?"

ಮೊದಲನೆಯದಕ್ಕೆ ಉತ್ತರ ಹೇಳಿದೆ. ಎರಡನೆಯದಕ್ಕೆ ನನಗೆ ಬಾಯಿ ಬರಲಿಲ್ಲ. ಒಂದು ಹೆಸರು ಹೇಳಿದ್ದರೆ ಅವರು ಸಮಾಧಾನವಾಗಿ ಹೋಗುತ್ತಿದ್ದರು. ಆದರೆ ಆ ಹೆಸರಿನ ಹಿಂದೆ ಇಷ್ಟುದ್ದದ ಕಥೆ ಇದೆ. ಅದನ್ನು ಕಟ್ಟೆಯ ಮೇಲೆ ಕೂತು ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವರ ತಮ್ಮ ಓದಲಿ, ಅವನ ಹಾಗೆ ಮಲಗಿರುವ ಬೇರೆಯವರೂ ಓದಲಿ. ಔಷಧದ ವಿಚಾರ ಡಾಕ್ಟರು ಹೇಳುತ್ತಾರೆ. ಈ ರೋಗಕ್ಕೆ ಜ್ವರ ಬರುತ್ತದೆ, ಬೆವರು ಬರುತ್ತದೆ, ಮೈ ಕಡ್ಡಿಯಾಗುತ್ತದೆ ಎಂದು ಊರಿಗೆಲ್ಲ ಗೊತ್ತು. ಹೊಟ್ಟೆಕಿಚ್ಚು ಬರುತ್ತದೆ ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ನಾನು ಹೇಳುವುದು ಅದನ್ನೇ.

ನಮ್ಮದು ಅಕ್ಕಲಕೋಟೆ ಸಂಸ್ಥಾನದ ಒಂದು ಸಣ್ಣ ಊರು. ಸ್ವಲ್ಪ ಹೊಲ, ಒಂದು ಹಿಂಡು ಕುರಿ. ಕುರಿ ನಮ್ಮಣ್ಣ ಮಾಳಪ್ಪನ ಪಾಲಿಗೆ, ಕಂಬಳಿ ನನ್ನ ಪಾಲಿಗೆ. ಊರಿನ ಕಂಬಳಿಗಳನ್ನೆಲ್ಲ ಗಂಟು ಕಟ್ಟಿಕೊಂಡು ಸೊಲ್ಲಾಪುರದ ಪೇಟೆಗೆ ಒಯ್ದು ಮಾರುವುದು ನನ್ನ ಕೆಲಸ. ಸಾಲೆಯಲ್ಲಿ ಮರಾಠಿ ಕಲಿತವನು, ಪಕ್ಕದ ಊರಿನ ಮಠದ ಅಯ್ಯನವರ ಹತ್ತಿರ ಕನ್ನಡ ಓದಿದವನು, ಗಿರಣಿಯ ಭೋಂಗಾದ ಕೂಗು ಕೇಳಿ ಹೊತ್ತು ಹೇಳಬಲ್ಲವನು ಎಂದು ನನಗೆ ನನ್ನ ಮೇಲೆ ಸ್ವಲ್ಪ ಜಂಬವೇ ಇತ್ತು. ನಮ್ಮ ಮನೆದೇವರು ಬೀರಪ್ಪ. ಅವ್ವನೂ ಅಣ್ಣನೂ ಬೀರಪ್ಪನನ್ನು ಕೇಳದೆ ಹಿಂಡನ್ನು ಹಟ್ಟಿಯಿಂದ ಹೊರಗೆ ಹೊರಡಿಸುತ್ತಿರಲಿಲ್ಲ. ನಾನು ವರ್ಷಕ್ಕೊಮ್ಮೆ ಕೈಮುಗಿದು, ಹಣೆಗೆ ಭಂಡಾರ ಹಚ್ಚಿಸಿಕೊಂಡು, ಊರ ಸೀಮೆ ದಾಟಿದ ಮೇಲೆ ಒರೆಸಿಕೊಳ್ಳುವವನು. ಪೇಟೆಯಲ್ಲಿ ಹಣೆಯ ತುಂಬ ಅರಿಶಿನ ಬಳಿದುಕೊಂಡು ನಿಂತರೆ ಗಿರಾಕಿ ಇವನು ಹಳ್ಳಿಯವ ಎಂದು ಚೌಕಾಶಿ ಜಾಸ್ತಿ ಮಾಡುತ್ತಾನೆ.

ಮೂವತ್ತನೆಯ ಇಸವಿಯಲ್ಲಿ ಸೊಲ್ಲಾಪುರದಲ್ಲಿ ಲಷ್ಕರೀ ಕಾಯದೆ ಬಂತಲ್ಲ, ಅದಕ್ಕೆ ಒಂದೆರಡು ವರ್ಷ ಹಿಂದಿನ ಮಾತು. ಸುಗ್ಗಿಯ ಹೊತ್ತಿಗೆ ಎಡಗಡೆ ಪಕ್ಕೆಲುಬಿನಲ್ಲಿ ಚಳಕು ಹಿಡಿಯಿತು. ಗಂಟು ಹೊತ್ತದ್ದಕ್ಕೆ ಎಂದುಕೊಂಡೆ. ಆಮೇಲೆ ಸಂಜೆ ಜ್ವರ ಬರತೊಡಗಿತು. ಆಮೇಲೆ ಉಸಿರು ಅರ್ಧಕ್ಕೇ ನಿಲ್ಲತೊಡಗಿತು. ಅವ್ವ ಭಂಡಾರ ಕಲಸಿದ ನೀರು ಕುಡಿಸಿದಳು. ಪಕ್ಕದ ಊರಿನಿಂದ ಒಬ್ಬನನ್ನು ಕರೆಸಿ ಬರೆ ಹಾಕಿಸಿದರು. ಸುಟ್ಟ ಗಾಯ ಮಾಯಿತು, ಒಳಗಿನದು ಮಾಯಲಿಲ್ಲ. ಕೊನೆಗೆ ಅಣ್ಣ ಗಾಡಿ ಹೂಡಿ ನನ್ನನ್ನು ಸ್ಟೇಷನ್ನಿಗೆ ತಂದು ರೈಲು ಹತ್ತಿಸಿದ. ನನ್ನ ಹೆಂಡತಿ ಮಾಯವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೊಲ್ಲಾಪುರದವರೆಗೂ ಕಿಟಕಿಯಾಚೆ ನೋಡುತ್ತ ಕೂತಳು. ನನ್ನ ಮುಖ ನೋಡಲಿಲ್ಲ. ನಾನು ಅದನ್ನು ಲೆಕ್ಕದಲ್ಲಿಟ್ಟುಕೊಂಡೆ.

ದವಾಖಾನೆಯ ಪಡಸಾಲೆಯಲ್ಲಿ ನಮ್ಮ ಪಾಳಿ ಬರುವವರೆಗೆ ಕೂಡಬೇಕಾಯಿತು. ಎಲ್ಲ ರೋಗಿಗಳೂ ಗಂಟಿನಲ್ಲಿ ರೊಟ್ಟಿಯ ಜೊತೆಗೆ ಒಂದೊಂದು ದೇವರನ್ನು ಕಟ್ಟಿಕೊಂಡು ಬಂದಿದ್ದರು. ಒಬ್ಬ ಮುದುಕ ಮುಲ್ಲಾ ಊದಿಕೊಟ್ಟ ನೀರಿನ ಬಾಟಲಿಯನ್ನು ಎದೆಗೆ ಅವಚಿಕೊಂಡಿದ್ದ. ಒಬ್ಬ ನೇಕಾರರ ಹೆಂಗಸು ಮಗನ ತೋಳಿಗೆ ಕರಿದಾರ ಕಟ್ಟಿದ್ದಳು. ಅವಳಿಗೆ ಎರಡು ಮಕ್ಕಳು ಹೋಗಿದ್ದವು. ಮೂರನೆಯದನ್ನು ಮುಟ್ಟುವುದಿಲ್ಲ ಎಂದು ಅವಳ ದೇವಿ ಕನಸಿನಲ್ಲಿ ಬಂದು ಮಾತು ಕೊಟ್ಟಿದ್ದಾಳಂತೆ. ಮೊದಲಿನ ಎರಡಕ್ಕೆ ಅದೇ ದೇವಿ ಏಕೆ ಮಾತು ಕೊಡಲಿಲ್ಲ ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಮೂರನೆಯದನ್ನು ಮುಟ್ಟದ ದೇವಿ, ಅಂಥವಳೇ ಸಿಕ್ಕಿದ್ದಳು. ಆ ಹೆಂಗಸು ಗೋಡೆಗೆ ಒರಗಿ, ಮಗನನ್ನು ಮಡಿಲಲ್ಲಿ ಹಾಕಿಕೊಂಡು, ಬಾಯಿ ತೆರೆದು ನಿದ್ದೆ ಹೋದಳು. ನಾನು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಆ ನಿದ್ದೆ ನನಗೆ ಬೇಕಾಗಿತ್ತು.

ಡಾಕ್ಟರು ನನ್ನನ್ನು ಕುರ್ಚಿಯ ಮೇಲೆ ತಿರುವಿ ಕೂರಿಸಿ, ಕುರ್ಚಿಯ ಬೆನ್ನನ್ನು ಅಪ್ಪಿಕೊಳ್ಳಲು ಹೇಳಿ, ಹಿಂದಿನಿಂದ ಪಕ್ಕೆಲುಬುಗಳ ನಡುವೆ ಸೂಜಿ ಹಾಕಿದರು. ಗೋಮೂತ್ರದ ಬಣ್ಣದ ನೀರು ತಾಟಿಗೆ ಇಳಿಯಿತು. ಇಷ್ಟು ನೀರು ಹೊತ್ತುಕೊಂಡು ನಾನು ಕಂಬಳಿಯ ಗಂಟನ್ನು ಬೈಯುತ್ತಿದ್ದೆನಲ್ಲ ಎನ್ನಿಸಿತು. ಉಸಿರು ಸಲೀಸಾಯಿತು. ಆದರೆ ಡಾಕ್ಟರು ಅಣ್ಣನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡಿದರು. ಅಣ್ಣ ತಿರುಗಿ ಬಂದಾಗ ಅವನ ಮುಖದ ಮೇಲೆ ಒಂದು ನಗು ಇತ್ತು. ನಮ್ಮಣ್ಣ ನಗುವವನಲ್ಲ. ಆ ನಗು ನೋಡಿ ನಾನು ನನ್ನ ಕಥೆ ಮುಗಿಯಿತು ಎಂದು ತಿಳಿದೆ.

ಅಲ್ಲಿಂದ ಮುಂದೆ ವಾರ್ಡಿನಲ್ಲಿ ಮಲಗಿದ್ದು ಎಷ್ಟು ದಿನವೋ, ಎಣಿಸುವುದನ್ನು ಬಿಟ್ಟಿದ್ದೆ. ಮಾಯವ್ವ ಅಣ್ಣನ ಜೊತೆ ಊರಿಗೆ ಹೋಗಿ ಭಾನುವಾರಕ್ಕೊಮ್ಮೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಕಿಟಕಿಯ ಹತ್ತಿರದ ಮಂಚದವನು ಹೋಗಿಬಿಟ್ಟ. ಅವನ ಗಾದಿಯನ್ನು ಹಿತ್ತಲಿನ ಗೋಡೆಯ ಮೇಲೆ ಬಿಸಿಲಿಗೆ ಹಾಕಿದರು. ಸಂಜೆಯ ಹೊತ್ತಿಗೆ ಅದೇ ಗಾದಿಯನ್ನು ತಂದು ಹಾಸಿ ಬೇರೊಬ್ಬನನ್ನು ಮಲಗಿಸಿದರು. ನನ್ನ ಬೆನ್ನಿನ ಕೆಳಗಿನ ಗಾದಿ ಎಷ್ಟು ಸಲ ಬಿಸಿಲು ಕಂಡಿದೆಯೋ ಎಂದು ಯೋಚಿಸುತ್ತ ನಾನು ಮಲಗಿದ್ದೆ. ಸಾಯುವುದೆಂದರೆ ನನಗೆ ಬಹಳ ಅಂಜಿಕೆ. ಬರೆಯಲು ನಾಚಿಕೆಯಿಲ್ಲ. ಮಲಗಿರುವವನು ಓದುತ್ತಿದ್ದರೆ ತಿಳಿದುಕೊಳ್ಳಲಿ: ಅಂಜಿದವನೂ ಬದುಕುತ್ತಾನೆ.

ಮುಂದಿನ ಭಾನುವಾರ ಮಾಯವ್ವ ಬಂದಳು. ಹಣೆಯ ತುಂಬ ಭಂಡಾರ. ಮುಖ ತಿಳಿಯಾಗಿತ್ತು. ನಾನು ವಾರವಿಡೀ ಕಾದಿದ್ದು ಅವಳು ಬಂದು ಅಳುತ್ತಾಳೆ, ನಾನು ಸಮಾಧಾನ ಮಾಡುತ್ತೇನೆ, ಅದರಲ್ಲಿ ನನ್ನ ಅಂಜಿಕೆಯೂ ಒಂದಿಷ್ಟು ಕರಗುತ್ತದೆ ಎಂದು. ಇವಳು ನೋಡಿದರೆ ತವರಿಗೆ ಹೋಗಿ ಉಂಡು ಬಂದವಳ ಹಾಗೆ ಕಾಣುತ್ತಿದ್ದಾಳೆ.

"ಬೀರಪ್ಪಗ ನಿಮ್ಮ ಹೆಸರಲೆ ಟಗರ ಮರಿ ಬಿಟ್ಟೀನ್ರಿ," ಎಂದಳು. "ಹಿಂಡಿನ್ಯಾಗ ಚಲೋದು ಆರಿಸೀನಿ. ಭಾವ ಬ್ಯಾರೆ ಮರಿ ತೋರಿಸಿದ್ರು. ನಾ ಒಲ್ಲೆ ಅಂದೆ."

ನಮ್ಮಲ್ಲಿ ಈ ಪದ್ಧತಿ ಹಳೆಯದು. ಮನೆಯಲ್ಲಿ ಯಾರಾದರೂ ಉಳಿಯುವುದು ಕಷ್ಟ ಎನ್ನುವಂತಿದ್ದರೆ ಒಂದು ಗಂಡುಮರಿಯ ಬೆನ್ನಿಗೆ ಭಂಡಾರ ಹಚ್ಚಿ ದೇವರಿಗೆ ಮೀಸಲು ಬಿಡುತ್ತಾರೆ. ಅದಕ್ಕೆ ರೋಗಿಯ ಹೆಸರನ್ನೇ ಇಡುತ್ತಾರೆ. ಅದರ ಉಣ್ಣೆ ಕತ್ತರಿಸುವಂತಿಲ್ಲ, ಮಾರುವಂತಿಲ್ಲ, ಯಾರ ಹೊಲಕ್ಕೆ ಬಾಯಿ ಹಾಕಿದರೂ ಹೊಡೆಯುವಂತಿಲ್ಲ. ರೋಗಿ ಗುಣವಾದ ಮೇಲೆ, ದೀಪಾವಳಿ ಅಮಾವಾಸ್ಯೆಯ ಮಾರನೆಯ ದಿನ, ಅವನ ಅಂಗೈಯಲ್ಲಿ ಭಂಡಾರ ಹಾಕಿ ಪೂಜಾರಿ ಎಲ್ಲರೆದುರಿಗೆ ಕೇಳುತ್ತಾನೆ, "ಸುಖ ಆತೇನು?" ಎಂದು. ರೋಗಿ ತನ್ನ ಬಾಯಿಂದಲೇ "ಸುಖ ಆತು" ಎನ್ನಬೇಕು. ಹೆಂಡತಿ ಹೇಳಿದರೆ ನಡೆಯುವುದಿಲ್ಲ, ತಾಯಿ ಹೇಳಿದರೆ ನಡೆಯುವುದಿಲ್ಲ. ಅವನು ಹಾಗೆಂದ ಮೇಲೆ ಟಗರನ್ನು ಗುಡಿಯ ಹಿಂದಕ್ಕೆ ಒಯ್ದು ಕಡಿಯುತ್ತಾರೆ.

ಪಕ್ಕದ ಮಂಚದಲ್ಲಿ ದಗಡು ಎಂಬ ಗಿರಣಿ ಕೆಲಸಗಾರನಿದ್ದ. ಮರಾಠಿಯವ. ಅವನನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಮಾಯವ್ವನ ಮಾತು ಕೇಳಿಸಿಕೊಂಡು ಅವನು ಮೊಣಕೈ ಊರಿ ಎದ್ದು ಕೂತ.

"ವಹಿನೀ, ಮಾಝಾ ಅರ್ಧಾ ವಾಟಾ ಠೇವಾ ಕೀ ತ್ಯಾತ," ಎಂದ. ಅತ್ತಿಗೆ, ಅದರಲ್ಲಿ ಅರ್ಧ ಪಾಲು ನನಗೂ ಇಡಿ ಎಂದು ಅವನ ಮಾತು.

ತಮಾಷೆಗೆ ಕೇಳಿದನೆಂದು ನಾನು ನಕ್ಕೆ. ಅವನು ನಗಲಿಲ್ಲ. ಮಾಯವ್ವನೂ ನಗಲಿಲ್ಲ. "ಆತಪ್ಪ, ಅರ್ಧಾ ನಿಂದೇ. ಅಂಜಬ್ಯಾಡ," ಎಂದು ಸೆರಗಿನ ಗಂಟು ಬಿಚ್ಚಿ ಅವನ ಹಣೆಗೂ ಭಂಡಾರ ಹಚ್ಚಿದಳು. ನನಗೆ ಬೆಂಕಿ ಬಿತ್ತು. ನಾನೇನು ಬೀರಪ್ಪನನ್ನು ನಂಬಿದವನಲ್ಲ, ಮರಿ ಬಿಟ್ಟರೆ ರೋಗ ಹೋಗುತ್ತದೆ ಎಂಬ ಮಾತಿಗೆ ಪೇಟೆಯಲ್ಲಿ ಎಷ್ಟು ಸಲ ನಕ್ಕಿಲ್ಲ! ಆದರೂ ನನ್ನ ಮರಿಯ ಅರ್ಧವನ್ನು ನನ್ನನ್ನು ಒಂದು ಮಾತೂ ಕೇಳದೆ ಇವಳು ಹೇಗೆ ಕೊಟ್ಟಳು? ನಂಬದವನಿಗೆ ಅರ್ಧ ಹೋದರೇನು, ಪೂರ್ತಿ ಹೋದರೇನು? ಈ ಪ್ರಶ್ನೆಯನ್ನು ನಾನು ಆಗಲೇ ಕೇಳಿಕೊಂಡೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಅವಳು ತಂದ ಸಜ್ಜೆ ರೊಟ್ಟಿಯನ್ನು ಮುಟ್ಟದೆ ಗೋಡೆಯ ಕಡೆ ತಿರುಗಿ ಮಲಗಿದೆ.

ಅಂದಿನಿಂದ ದಗಡು ಚೆನ್ನಾಗಿ ನಿದ್ದೆ ಮಾಡತೊಡಗಿದ. ಗಂಜಿ ಕುಡಿಯತೊಡಗಿದ. ಎದ್ದು ಪಡಸಾಲೆಯವರೆಗೆ ನಡೆಯತೊಡಗಿದ. ಕೊನೆಗೆ ನನಗಿಂತ ಮುಂಚೆ, ತನ್ನ ಕಾಲ ಮೇಲೆ ತಾನು, ಟೋಪಿ ಹಾಕಿಕೊಂಡು ಹೊರಟುಹೋದ. ಬಾಗಿಲಲ್ಲಿ ನಿಂತು ನನಗೆ ಕೈಮುಗಿದ. ನಾನು ಇನ್ನೂ ಎರಡನೆಯ ಸಲ ನೀರು ತೆಗೆಸಿಕೊಳ್ಳುವುದಿತ್ತು. ನನ್ನ ಅರ್ಧವನ್ನೂ ಅವನೇ ಬಳಸಿಬಿಟ್ಟನೇನೋ ಎಂದು ನನಗೆ ಅನುಮಾನ ಬಂತು. ಆ ಅನುಮಾನದ ಮೇಲೆ ನಗುವಷ್ಟು ಬುದ್ಧಿಯೂ ನನಗಿತ್ತು; ಅದನ್ನು ಬಿಡುವಷ್ಟು ಇರಲಿಲ್ಲ.

ಮಾಯವ್ವ ಬಂದಾಗಲೆಲ್ಲ ಮರಿಯ ಸುದ್ದಿ. ಅದಕ್ಕೆ ಕೊಂಬು ಮೂಡಿತು. ಅದು ಹಟ್ಟಿಯ ನಾಯಿಗೆ ಹಾಯಿತು. ಅದು ಅಣ್ಣನ ಕೈಯಿಂದ ತಿನ್ನುವುದಿಲ್ಲ, ಇವಳ ಕೈಯಿಂದಲೇ ತಿನ್ನುತ್ತದೆ. ನಾನು ನನ್ನ ಜ್ವರದ ಸುದ್ದಿ ಎತ್ತಿದರೆ, "ಆತ್ರಿ, ಇಳೀತೈತಿ," ಎಂದು ಮುಗಿಸುತ್ತಿದ್ದಳು. ಜ್ವರ ಅವಳ ಪಾಲಿಗೆ ಬೀರಪ್ಪನ ಖಾತೆಗೆ ಹೋಗಿಯಾಗಿತ್ತು. ಇನ್ನು ಅದರ ಬಗ್ಗೆ ಅವನು ನೋಡಿಕೊಳ್ಳಲಿ ಎನ್ನುವ ಧಾಟಿ. ನನಗೋ, ಅವಳ ಚಿಂತೆ ಬೇಕಾಗಿತ್ತು. ಗಂಡ ಸಾಯುತ್ತಿದ್ದರೆ ಹೆಂಡತಿ ಸೊರಗಬೇಕು. ಇವಳು ಸೊರಗದೆ ಬರುತ್ತಿದ್ದಳು. ಬೀರಪ್ಪ ನನ್ನ ಹೆಂಡತಿಯ ಚಿಂತೆಯನ್ನು ನನ್ನಿಂದ ಕಿತ್ತುಕೊಂಡು ತಾನಿಟ್ಟುಕೊಂಡ ಎಂದು ಅವನ ಮೇಲೂ ನನಗೆ ಕಣ್ಣು ಕೆಂಪಾಯಿತು.

ಮಳೆಗಾಲಕ್ಕೆ ನನ್ನನ್ನು ಮನೆಗೆ ಕಳಿಸಿದರು. ಹಾಲು, ತತ್ತಿ, ಮೀನೆಣ್ಣೆ, ಮತ್ತು ಅಲ್ಲಾಡದೆ ಮಲಗುವುದು, ಇಷ್ಟೇ ಔಷಧ. ಗಾಳಿ ಬೇಕೆಂದು ನನ್ನ ಮಂಚವನ್ನು ಪಡಸಾಲೆಗೆ ಹಾಕಿದರು. ಅಂಗಳದ ಬೇವಿನ ಮರಕ್ಕೆ ಟಗರನ್ನು ಕಟ್ಟಿದ್ದರು. ಹೀಗೆ ಇಬ್ಬರು ನಿಂಗಪ್ಪರೂ ಇಡೀ ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇರಬೇಕಾಯಿತು. ಅದು ದಿನದಿನಕ್ಕೆ ದುಂಡಗಾಗುತ್ತಿತ್ತು, ನನ್ನ ಎಲುಬು ಎಣಿಸಬಹುದಾಗಿತ್ತು. ಅವ್ವ ಹೊರಗೆ ಬಂದು, "ನಿಂಗ್ಯಾ, ಉಂಡೇನೋ?" ಎಂದರೆ ನಾನು ಓ ಎನ್ನುವುದರೊಳಗೆ ಅದು ಬ್ಯಾ ಎನ್ನುತ್ತಿತ್ತು.

ಮಾಯವ್ವನದು ಬೇರೆ ಪೇಚು. ಅವಳು ಗಂಡನ ಹೆಸರು ಹೇಳುವಂತಿಲ್ಲ. ಟಗರಿಗೆ ಇರುವುದು ಗಂಡನ ಹೆಸರೇ. ಹಾಗಾಗಿ ಅದನ್ನೂ ನನ್ನನ್ನು ಕರೆದ ಹಾಗೆಯೇ ಕರೆಯುತ್ತಿದ್ದಳು. "ಬರ್ರಿ. ತಿನ್ರಿ. ಯಾಕ್ರಿ, ಇವತ್ತ ಸಿಟ್ಟ ಬಂದೈತೇನ್ರಿ?" ಮಂಚದ ಮೇಲಿನಿಂದ ನಾನು ಎಷ್ಟು ಸಲ ಉತ್ತರ ಕೊಟ್ಟು ಮುಖಭಂಗ ಮಾಡಿಕೊಂಡಿದ್ದೇನೋ! ಅದರ ಕೊಂಬಿಗೆ ಎಣ್ಣೆ ತಿಕ್ಕುತ್ತಿದ್ದಳು. ಅದರ ಉಣ್ಣೆಯೊಳಗೆ ಬೆರಳು ತೂರಿಸಿ ಮುಳ್ಳು ಆರಿಸುತ್ತಿದ್ದಳು. ಅಂಥ ಉಣ್ಣೆ ನಾನು ನನ್ನ ವ್ಯಾಪಾರದಲ್ಲಿ ನೋಡಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯುತ್ತಿತ್ತು. ಹತ್ತಿರ ಕೂತು ಅದರ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು. ನನ್ನ ಹತ್ತಿರ ಬಂದರೆ ಹಾಲಿನ ಲೋಟ ಕೊಟ್ಟು, ಕುಡಿದದ್ದಾದ ಮೇಲೆ ಲೋಟ ತೆಗೆದುಕೊಂಡು ಹೋಗುವುದಷ್ಟೇ.

ಒಂದು ದಿನ ತಡೆಯಲಾಗಲಿಲ್ಲ.

"ಏ, ಆ ಕುರಿ ಕೂಡ ಏನ ಅಷ್ಟ ಮಾತು ನಿಂದು? ನಾ ಇಲ್ಲಿ ಜೀವಂತ ಅದೀನಿ, ಕಾಣ್ತೇನಿಲ್ಲ? ನನ್ನ ಕೂಡ ಒಂದ ಮಾತಾಡಾಕ ನಿನಗ ಬಾಯಿ ಇಲ್ಲೇನು?"

ಅವಳು ಎದ್ದು ಬಂದು ಕಂಬಕ್ಕೆ ಒರಗಿ ನಿಂತಳು. ಕಣ್ಣು ಕೆಂಪಗಿದ್ದವು. ಟಗರಿನ ಹತ್ತಿರ ಕೂತು ಅವಳು ಅಳುತ್ತಿದ್ದಳು ಎಂದು ನನಗೆ ಆಗ ತಿಳಿಯಿತು.

"ನಿಮ್ಮ ಮುಂದ ಹ್ಯಾಂಗ ಅಳಲ್ರಿ?" ಎಂದಳು. "ನಾ ಒಂದ ಹನಿ ಹಾಕಿದ್ರ, ಡಾಕ್ಟರ ಇಕಿಗಿ ಏನೋ ಹೇಳ್ಯಾನ, ನಾ ಸಾಯತೀನಿ ಅಂತ ನೀವು ಅಲ್ಲೇ ಅರ್ಧಾ ಸಾಯತೀರಿ. ಅದರ ಮುಂದ ಅತ್ರ ಅದು ಮೇವು ತಿನ್ಕೋತ ನಿಂದ್ರತೈತಿ. ನನಗ ಅಳಾಕ ಒಂದ ಜಾಗಾ ಬ್ಯಾಡೇನ್ರಿ?"

ಹೆಂಡತಿ ಸೊರಗುವುದಿಲ್ಲ ಎಂದು ದೂರುತ್ತಿದ್ದೆನಲ್ಲ. ಇವಳು ದಿನಾ ಸೊರಗುತ್ತಿದ್ದಳು, ನನಗೆ ಕಾಣದ ಹಾಗೆ. ಇದನ್ನು ಕೇಳಿ ನನಗೆ ಕನಿಕರ ಬರಬೇಕಾಗಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮುಂಚೆ ಬಂದದ್ದು ಹೊಟ್ಟೆಕಿಚ್ಚೇ. ನನ್ನ ಸಲುವಾಗಿ ಬಂದ ಕಣ್ಣೀರು ನನ್ನ ಪಾಲಿಗೆ ಬಾರದೆ ಆ ಟಗರಿನ ಉಣ್ಣೆಯೊಳಗೆ ಇಂಗಿ ಹೋಯಿತಲ್ಲ! ಗುಣವಾದ ದಿನ ಮೊದಲು ಇದನ್ನು ಗುಡಿಗೆ ಕಳಿಸುತ್ತೇನೆ, ಆಮೇಲೆ ಇವಳು ಎಲ್ಲಿ ಹೋಗಿ ಅಳುತ್ತಾಳೋ ನೋಡುತ್ತೇನೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ. ಹಾಲು ಸಪ್ಪಗಿದ್ದರೂ ಅಂದಿನಿಂದ ಒಂದು ಹನಿ ಬಿಡದೆ ಕುಡಿದೆ.

ಗುಣವಾದೆ. ಮರುವರ್ಷ ದೀಪಾವಳಿಗೆ ಮುಂಚೆ ಸೊಲ್ಲಾಪುರದ ಡಾಕ್ಟರು ಬೆನ್ನಿಗೆ ಕಿವಿ ಹಚ್ಚಿ, ಬೆರಳಿನಿಂದ ತಟ್ಟಿ, "ಛಾನ್! ಆತಾ ಯೇಊ ನಕೋಸ್," ಎಂದರು. ಚೆನ್ನಾಗಿದೆ, ಇನ್ನು ಬರಬೇಡ ಎಂದು. ನಾನು ಪೇಟೆಯಲ್ಲಿ ಭಜಿ ತಿಂದು, ಮಾಯವ್ವನಿಗೆ ಬಳೆ ತಂದೆ. ಬಳೆ ತೊಡುವಾಗ ಅವಳ ಮುಖ ಸಣ್ಣದಾಗಿತ್ತು. ಏನೆಂದು ಕೇಳಿದರೆ ಏನಿಲ್ಲ ಎಂದಳು.

ಅಮಾವಾಸ್ಯೆಯ ಮಾರನೆಯ ದಿನ ಗುಡಿಯ ಮುಂದೆ ಜನ ಸೇರಿದರು. ಟಗರಿಗೆ ಮೈತುಂಬ ಭಂಡಾರ ಬಳಿದು ನಿಲ್ಲಿಸಿದ್ದರು. ನಮ್ಮ ಪೂಜಾರಿ ಅಮೋಗಿ, ಅಪ್ಪನ ವಯಸ್ಸಿನ ಮುದುಕ, ನನ್ನ ಅಂಗೈಯಲ್ಲಿ ಭಂಡಾರ ಹಾಕಲು ಬರುತ್ತಿದ್ದಾನೆ ಎನ್ನುವಾಗ ಮಾಯವ್ವ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದಳು.

"ಕೆಮ್ಮರಿ."

"ಏನಂದಿ?"

"ಕೆಮ್ಮರಿ ಅಂದೆ. ಕೈ ಮುಗೀತೀನಿ ನಿಮಗ. ಸುಖ ಆತು ಅನಬ್ಯಾಡ್ರಿ."

ತಿರುಗಿ ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ಅಮೋಗಿ ಪೂಜಾರಿ ಕೇಳಿದ, "ನಿಂಗಪ್ಪಾ, ಸುಖ ಆತೇನು?" ನಾನು ಕೆಮ್ಮಿದೆ. ನಾಟಕದವನ ಹಾಗೆ ಕೆಮ್ಮಿದೆ. ಪೂಜಾರಿ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಇನ್ನಾ ಐತಿ. ಮುಂದಿನ ವರ್ಷ ನೋಡೂಣು," ಎಂದು ಟಗರನ್ನು ಬಿಚ್ಚಿಸಿದ.

ಮನೆಗೆ ಬಂದು ನಾನು ಹರಿಹಾಯ್ದೆ. ಇವಳಿಗೆ ನನ್ನ ಆರೋಗ್ಯಕ್ಕಿಂತ ಟಗರೇ ಹೆಚ್ಚಾಯಿತೇ? ಅದನ್ನು ಉಳಿಸಲು ಊರ ಮುಂದೆ ನನ್ನನ್ನು ರೋಗಿ ಮಾಡಿ ನಿಲ್ಲಿಸಿದಳಲ್ಲ!

"ಅದು ಹೋತಂದ್ರ ನಿಮ್ಮ ರೋಗ ಎಲ್ಲಿಗಿ ಹೋಗಬೇಕ್ರಿ?" ಎಂದಳು. "ನಿಮ್ಮ ರೋಗ ಅದು ಹೊತ್ತಕೊಂಡೈತಿ. ಅದನ್ನ ಕಡದ್ರ ರೋಗ ಹೊರಗ ಬರ್ತೈತಿ, ತಿರಿಗಿ ನಿಮ್ಮನ್ನ ಹುಡಿಕ್ಕೊಂಡ ಬರ್ತೈತಿ."

"ಹಂಗ ಅಂತ ಯಾವ ದೇವರ ಹೇಳ್ಯಾನ ನಿನಗ? ಅಮೋಗಿ ಪೂಜಾರಿ ಹೇಳ್ಯಾನೇನು? ಅವ್ವ ಹೇಳ್ಯಾಳೇನು?"

"ಯಾರೂ ಹೇಳಿಲ್ಲ. ನನಗ ಗೊತ್ತೈತಿ."

ನಮ್ಮ ಕುಲದಲ್ಲಿ ಇಲ್ಲದ ಶಾಸ್ತ್ರವನ್ನು ಅವಳೊಬ್ಬಳೇ ಕೂತು ಮಾಡಿಕೊಂಡಿದ್ದಳು. ನನ್ನನ್ನು ಉಳಿಸಲು ಮೊದಲು ಟಗರನ್ನು ದೇವರಿಗೆ ಕೊಡುತ್ತೇನೆ ಎಂದಳು. ನಾನು ಉಳಿದ ಮೇಲೆ, ಉಳಿದದ್ದು ಎಲ್ಲಿ ಜಾರಿ ಹೋಗುತ್ತದೋ ಎಂಬ ಅಂಜಿಕೆಗೆ ಆ ದೇವರಿಗೇ ಕೈಕೊಟ್ಟಳು. ಆ ನೇಕಾರರ ಹೆಂಗಸಿನ ದೇವಿಯ ಹಾಗೆ ಇವಳ ಬೀರಪ್ಪನೂ ಇವಳಿಗೆ ಬೇಕಾದಾಗ ಬೇಕಾದ್ದನ್ನೇ ಹೇಳುತ್ತಿದ್ದ. ನಾನು ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಅವಳು ಟಗರಿಗೆ ನೀರು ಕುಡಿಸಲು ಎದ್ದು ಹೋದಳು.

ಹೀಗೆ ವರ್ಷ ವರ್ಷ ಕೆಮ್ಮಿದೆ. ಅದರ ಫಲವೇನಾಯಿತೆಂದರೆ, ಊರಿನ ಲೆಕ್ಕದಲ್ಲಿ ನಾನು ರೋಗಿಯಾಗಿಯೇ ಉಳಿದೆ. ಕಂಬಳಿಯ ಗಂಟು ಹೊತ್ತು ಸ್ಟೇಷನ್ನಿಗೆ ನಡೆದು ಹೋಗುವವನಿಗೆ ಮದುವೆಯ ಊಟದಲ್ಲಿ ಬೇರೆ ನೀರಿನ ತಂಬಿಗೆ. ದೇವರ ಮುಂದೆ ಡೊಳ್ಳು ಕಟ್ಟಿಕೊಳ್ಳಲು ಅಣ್ಣನನ್ನು ಕರೆಯುತ್ತಿದ್ದರು. ನನ್ನ ಕಡೆ ನೋಡಿ, "ನೀ ಕುಂದ್ರಪ್ಪ, ದಣೀತಿ," ಎನ್ನುತ್ತಿದ್ದರು. ನನಗಿಂತ ವಯಸ್ಸಾದವನು ಡೊಳ್ಳು ಹೊತ್ತು ಕುಣಿಯುವುದನ್ನು ಕಟ್ಟೆಯ ಮೇಲೆ ಕೂತು ನೋಡಬೇಕು. ಅತ್ತ ನನ್ನ ಹೆಸರಿನ ಟಗರು, ಉಣ್ಣೆ ನೆಲಕ್ಕೆ ಜೋಲುತ್ತಿದ್ದರೂ, ಊರಿನ ಯಾವ ಹೊಲಕ್ಕೆ ಬೇಕಾದರೂ ನುಗ್ಗುತ್ತಿತ್ತು. ಬದುಕಿದವನು ನಾನು, ಬದುಕು ಅದರದು.

ಕೊನೆಗೆ ಒಂದು ವರ್ಷ ನಿರ್ಧಾರ ಮಾಡಿಬಿಟ್ಟೆ. ಈ ಸಲ ಕೆಮ್ಮುವುದಿಲ್ಲ. ಅಮಾವಾಸ್ಯೆಯ ದಿನ ಮಾಯವ್ವನಿಗೆ ಅದನ್ನು ಹೇಳಿಯೂ ಹೇಳಿದೆ.

"ನಾಳೆ ಸುಖ ಆತು ಅಂತೀನಿ. ನನಗೂ ಸಾಕಾಗೇತಿ. ಆ ಟಗರು ಇರಬೇಕು, ಇಲ್ಲಾ ನಾ ಇರಬೇಕು."

ಅವಳು ಜೋಳ ಕೇರುತ್ತಿದ್ದಳು. ಮೊರ ಕೆಳಗಿಟ್ಟು, "ಆತ್ರಿ," ಎಂದಳು. ಮತ್ತೆ ಮೊರ ತೆಗೆದುಕೊಂಡಳು.

ಮಾರನೆಯ ದಿನ ನನ್ನ ಅಂಗಿಯನ್ನು ಯಾರೂ ಜಗ್ಗಲಿಲ್ಲ. ಮಾಯವ್ವ ದೂರ, ಹೆಂಗಸರ ನಡುವೆ ನಿಂತಿದ್ದಳು. ಅಮೋಗಿ ಪೂಜಾರಿಗೆ ಈಗ ಕಣ್ಣು ಮಂಜಾಗಿತ್ತು. ನನ್ನ ಕೈ ತಡಕಿ ಹಿಡಿದು ಭಂಡಾರ ಹಾಕಿದ. ಟಗರನ್ನು ನನ್ನ ಎದುರಿಗೇ ನಿಲ್ಲಿಸಿದ್ದರು. ಅದು ಮುದಿಯಾಗಿತ್ತು. ಒಂದು ಕೊಂಬಿನ ತುದಿ ಮುರಿದಿತ್ತು. ಅದರ ಎದೆ ಏರುತ್ತ ಇಳಿಯುತ್ತ ಇತ್ತು, ಎಡಗಡೆ ಸ್ವಲ್ಪ ತಡೆದು ತಡೆದು.

"ನಿಂಗಪ್ಪಾ, ಸುಖ ಆತೇನು?"

ಬಾಯಿ ತೆರೆದೆ. ಎರಡೇ ಮಾತು, ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಆಗ ಒಂದು ಯೋಚನೆ ಬಂತು: ಅಕಸ್ಮಾತ್ ಅವಳು ಹೇಳಿದ್ದು ನಿಜವಾಗಿದ್ದರೆ? ಗೋಡೆಯ ಮೇಲೆ ಹಾಕಿದ ಆ ಗಾದಿ ಕಣ್ಣ ಮುಂದೆ ಬಂತು. ಎಡಗಡೆ ಪಕ್ಕೆಲುಬಿನಲ್ಲಿ ಚಳಕು ಹಿಡಿದ ಹಾಗಾಯಿತು. ಎದೆಯ ತಳದಿಂದ ಕೆಮ್ಮು ಬಂತು. ನಾನು ಕೆಮ್ಮಲಿಲ್ಲ, ಅದು ತಾನಾಗಿಯೇ ಬಂತು. ಕೂತು, ನೆಲಕ್ಕೆ ಕೈಯೂರಿ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದೆ. ಅಂಗೈಯ ಭಂಡಾರವೆಲ್ಲ ಚೆಲ್ಲಿಹೋಯಿತು.

"ಇನ್ನಾ ಐತಿ," ಎಂದ ಅಮೋಗಿ ಪೂಜಾರಿ.

ದಾರಿಯಲ್ಲಿ ಮಾಯವ್ವ ನನ್ನ ಪಕ್ಕದಲ್ಲಿ ನಡೆದಳು. ಟಗರು ಹಿಂದಿನಿಂದ ತನ್ನಷ್ಟಕ್ಕೆ ಬರುತ್ತಿತ್ತು. ಅಂಗಳಕ್ಕೆ ಬಂದು ನಾನು ಕಟ್ಟೆಯ ಮೇಲೆ ಕೂತ ಮೇಲೆ ಅವಳು ಕೇಳಿದಳು.

"ನನ್ನ ಸಲವಾಗಿ ಕೆಮ್ಮಿದ್ರೇನ್ರಿ?"

ಹೌದು ಎಂದಿದ್ದರೆ ಅವಳು ಸಂತೋಷಪಡುತ್ತಿದ್ದಳು. ಆದರೆ ಸುಳ್ಳು ಹೇಳುವ ತ್ರಾಣ ನನಗಿರಲಿಲ್ಲ.

"ಇಲ್ಲ," ಎಂದೆ. "ಅಂಜಿಕಿ ಬಂತು. ನೀ ಹೇಳಿದ್ದು ಖರೆ ಇದ್ರ ಹ್ಯಾಂಗ ಅಂತ ಅಂಜಿಕಿ ಬಂತು."

ಅವಳು ನನ್ನನ್ನೇ ನೋಡಿದಳು. ಆಮೇಲೆ ನನ್ನ ಕಾಲ ಹತ್ತಿರ ಕುಸಿದು ಕೂತು, ನನ್ನ ಮೊಣಕಾಲಿಗೆ ಹಣೆ ಹಚ್ಚಿ ಅಳತೊಡಗಿದಳು. ಮದುವೆಯಾದ ಮೇಲೆ ನನ್ನ ಮುಂದೆ ಅವಳು ಅತ್ತದ್ದು ಅದೇ ಮೊದಲು. ತಡೆದು ತಡೆದು ಇಟ್ಟಿದ್ದೆಲ್ಲ ಹೊರಗೆ ಬಂತು. "ನಾನೂ ದಿನಾ ಹಿಂಗ ಅಂಜತೀನ್ರಿ," ಎಂದಳು. "ಮುಂಜಾನೆ ನೀವು ಏಳೂತನಾ ಅಂಜತೀನಿ." ನನ್ನ ಧೋತರ ಒದ್ದೆಯಾಯಿತು.

ಎಷ್ಟು ವರ್ಷ ನಾನು ಇದಕ್ಕಾಗಿ ಹೊಟ್ಟೆ ಉರಿದುಕೊಂಡಿದ್ದೆ! ಆ ಕಣ್ಣೀರು ಈಗ ನನ್ನ ಪಾಲಿಗೆ ಬಂದಿತ್ತು. ಕೈ ಎತ್ತಿ ಅವಳ ತಲೆಯ ಮೇಲೆ ಇಟ್ಟೆ. ಅಷ್ಟರಲ್ಲಿ, ಇವಳು ಇಷ್ಟು ಅಳುತ್ತಿರುವುದೇಕೆ, ನನ್ನ ಮುಖದಲ್ಲಿ ಏನು ಕಂಡಳು, ಆ ಕೆಮ್ಮಿನಲ್ಲಿ ಏನು ಕೇಳಿಸಿತು ಇವಳಿಗೆ ಎಂದು ನನಗೆ ಅಂಜಿಕೆ ಹೊಕ್ಕಿತು. ಅವಳು ಬಿಕ್ಕಿದ ಹಾಗೆಲ್ಲ ನಾನು ನನ್ನ ಎದೆಯನ್ನೇ ಆಲಿಸತೊಡಗಿದೆ. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಇನ್ನೊಂದು ಗಳಿಗೆ ಅವಳು ಹಾಗೇ ಅತ್ತಿದ್ದರೆ ನಾನು ಅಲ್ಲಿಯೇ ಹೋಗಿಬಿಡುತ್ತಿದ್ದೆ.

ಅವಳ ಭುಜ ಹಿಡಿದು ಎಬ್ಬಿಸಿದೆ. ಬೇವಿನ ಮರದ ಕಡೆ ಕೈ ತೋರಿಸಿದೆ.

"ಸಾಕು, ಏಳು," ಎಂದೆ. "ಹೋಗು, ಆ ನಿಂಗಪ್ಪನ ಮುಂದ ಅತ್ತು ಬಾ."